ಉಗ್ರಾಣಿಗಳ ಸಾಕ್ಷಿಮೀನು

ಮನುಷ್ಯನಿಗೆ ಬರುವ ಆಪತ್ತುಗಳಲ್ಲಿ ಹೆಚ್ಚಿನವು ಬಾಯಿಯ ದಾರಿಯಿಂದಲೇ ಬರುತ್ತವೆ, ಮೀನಿಗೂ ಅಷ್ಟೆ. ವ್ಯತ್ಯಾಸವೆಂದರೆ ಮೀನು ಹಸಿದಾಗ ಬಾಯಿ ತೆರೆದು ಗಾಳಕ್ಕೆ ಸಿಕ್ಕುತ್ತದೆ, ಮನುಷ್ಯನು ಸುಮ್ಮನಿರಬಹುದಾದಾಗ ತೆರೆದು ಸಿಕ್ಕುತ್ತಾನೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಉಗ್ರಾಣದ ಗುಮಾಸ್ತರು ತಮ್ಮ ಬಾಯಿ ತೆರೆದದ್ದು ಧಣಿಗಳ ಕೋಣೆಯಲ್ಲಿ, ಯಾರೂ ಅವರನ್ನು ಏನನ್ನೂ ಕೇಳದೆ ಇದ್ದ ಹೊತ್ತಿನಲ್ಲಿ.

ಇವರನ್ನು ಎಲ್ಲರೂ ಉಗ್ರಾಣಿಗಳು ಎಂದೇ ಕರೆಯುತ್ತಿದ್ದರು. ಬೀಗದ ಕೈಗಳನ್ನು ಒಪ್ಪಿಸಲೆಂದು ಒಳಗೆ ಹೋದಾಗ ಅಲ್ಲಿ ದೊಡ್ಡ ಸಭೆಯೇ ನೆರೆದಿತ್ತು. ಕಾರ್ಖಾನೆಯಿಂದ ಹೊರಬೀಳುವ ಬಣ್ಣದ ನೀರನ್ನು ಅದುವರೆಗೆ ಪಟಿಕ, ಸುಣ್ಣ, ಮತ್ತೆ ಹೆಸರು ಹೇಳಿದರೇ ಗಂಟಲು ಕೆರೆಯುವಂಥ ಕೆಲವು ಪುಡಿಗಳಿಂದ ತಿಳಿಮಾಡಿ ಕಾಲುವೆಗೆ ಬಿಡುತ್ತಿದ್ದರು. ಆ ಪುಡಿಗಳ ಕೆಸರು ಹಿತ್ತಲಿನಲ್ಲಿ ಗುಡ್ಡೆಯಾಗಿ ಬಿದ್ದಿತ್ತು; ಅದರ ಮೇಲೆ ಹುಲ್ಲು ಹುಟ್ಟಲೂ ಹೇಸುತ್ತಿತ್ತು. ಈಗ ಬಟ್ಟೆ ಕೊಳ್ಳುವ ದೊಡ್ಡ ಗಿರಾಕಿಗಳು, ಭೂಮಿಗೆ ನೋವಾಗದ ರೀತಿಯಲ್ಲಿ ನೀರು ಶುದ್ಧಿಮಾಡದಿದ್ದರೆ ನಿಮ್ಮ ಬಟ್ಟೆಯೇ ನಮಗೆ ಬೇಡವೆಂದು ಹೇಳಿ ಕಳುಹಿಸಿದ್ದರು.

"ಏನಾದ್ರೂ ಮೆತ್ತಗಿನ ಉಪಾಯ ಇದ್ರೆ ಹೇಳ್ರಪ್ಪಾ," ಎಂದು ಧಣಿಗಳು ಕೇಳಿದರು. ಓದಿದವರೆಲ್ಲ ನೆಲ ನೋಡಿದರು.

"ನುಗ್ಗೆ ಬೀಜ," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. ಅದು ತಮ್ಮದೇ ಎಂದು ತಿಳಿದು ಉಗ್ರಾಣಿಗಳಿಗೂ ಆಶ್ಚರ್ಯವಾಯಿತು.

"ಏನಂದ್ರಿ?"

"ನುಗ್ಗೆ ಬೀಜ ಕುಟ್ಟಿ ನೀರಿಗೆ ಹಾಕಿದ್ರೆ, ಕೊಳೆಯೆಲ್ಲ ಅದಕ್ಕೆ ಅಂಟಿಕೊಂಡು ತಳದಲ್ಲಿ ಕೂತ್ಕೊಳ್ಳುತ್ತೆ ಧಣಿ. ಬಣ್ಣಾನೂ ಹೋಗುತ್ತೆ. ನಮ್ಮ ವಂಶದಲ್ಲಿ ತಲೆತಲಾಂತರದಿಂದ ಮಾಡ್ಕೊಂಡು ಬಂದಿದೀವಿ."

ಉಗ್ರಾಣಿಗಳ ವಂಶದಲ್ಲಿ ತಲೆತಲಾಂತರದಿಂದ ನಡೆದುಬಂದದ್ದು ನೆಗಡಿಯೊಂದೇ. ಬೀಜದ ಮಹಿಮೆಯನ್ನು ಅವರು ಅದೇ ದಿನ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ರೇಡಿಯೋದಲ್ಲಿ ಕೇಳಿದ್ದರು. ಅದರಲ್ಲಿ ಮಾತನಾಡುತ್ತಿದ್ದ ಪಂಡಿತರೊಬ್ಬರು ಬೀಜದ ಗುಣವನ್ನೆಲ್ಲ ವರ್ಣಿಸಿ, 'ಆದರೆ ಪ್ರಮಾಣದ ವಿಷಯದಲ್ಲಿ ಬಹಳ ಎಚ್ಚರಿಕೆಯಿಂದ' ಎಂದು ಶುರುಮಾಡುವಷ್ಟರಲ್ಲಿ ಉಗ್ರಾಣಿಗಳಿಗೆ ಬೇಸರವಾಗಿ ರೇಡಿಯೋದ ಕಿವಿ ಹಿಂಡಿಬಿಟ್ಟಿದ್ದರು. ಗುಣವನ್ನು ಅರಿತು ಪ್ರಮಾಣವನ್ನು ಅರಿಯದಿರುವುದಕ್ಕೆ ಅರೆವಿದ್ಯೆಯೆಂದು ಹೆಸರು. ಅರೆವಿದ್ಯೆಗಿರುವ ಧೈರ್ಯ ಪೂರ್ಣವಿದ್ಯೆಗೆ ಎಂದೂ ಬಂದದ್ದಿಲ್ಲ.

ಹೀಗೆ ಬೀಗದ ಕೈ ಒಪ್ಪಿಸಲು ಒಳಹೋದವರು ಜಲಶುದ್ಧಿ ಅಧಿಕಾರಿಗಳಾಗಿ ಹೊರಬಂದರು. ಉಗ್ರಾಣದ ಪಕ್ಕದ ಕೋಣೆಗೆ ಬೋರ್ಡು ಬಂತು, ಮೈಗೆ ಬಿಳಿಯ ಕೋಟು ಬಂತು. ಸಂಬಳ ಮಾತ್ರ ಬರಲಿಲ್ಲ. ಅದು ಹಿಂದಿನ ಕಾಲಕ್ಕೇ ನಿಷ್ಠವಾಗಿ ಉಳಿಯಿತು. ಆದರೂ ಅವರ ಹೆಂಡತಿ ಬೋರ್ಡಿನ ಸುದ್ದಿ ಕೇಳಿ, ಮಾಡುತ್ತಿದ್ದ ಕೆಲಸ ಬಿಟ್ಟು, ಸಂತೋಷ ತಾಳಲಾರದೆ ಹೊಸಿಲಿನ ಮೇಲೆ ಕುಳಿತುಬಿಟ್ಟರು. ಮದುವೆಯಾದಂದಿನಿಂದ ಆಕೆಯ ಅಣ್ಣ, ವಕೀಲರೊಬ್ಬರ ಗುಮಾಸ್ತ, "ನಮ್ಮ ಭಾವ ಕೆಲಸ ಮಾಡೋದು ಪೊರಕೆ ಹಗ್ಗಗಳ ಮಧ್ಯೆ" ಎಂದು ನಾಲ್ಕು ಜನರ ಮುಂದೆ ಹೇಳಿ ನಗುತ್ತಿದ್ದ. ಆ ನಗುವನ್ನು ಆಕೆ ಅಷ್ಟು ಕಾಲ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದರು.

"ಇನ್ನು ಅಣ್ಣ ಏನಂತಾನೆ ನೋಡೋಣ," ಎಂದು ಎದ್ದು, ಆ ಕೋಟನ್ನು ತಾವೇ ಕೈಯಾರೆ ಇಸ್ತ್ರಿ ಮಾಡಿದರು.

ಮೊದಲ ಪ್ರಯೋಗದ ದಿನ ಇಡೀ ಕಾರ್ಖಾನೆ ತೊಟ್ಟಿಯ ಸುತ್ತ ಸೇರಿತು. ರಕ್ತದಂತಿದ್ದ ನೀರಿಗೆ ಉಗ್ರಾಣಿಗಳು ಬೀಜದ ಪುಡಿಯನ್ನು ಬೊಗಸೆ ಬೊಗಸೆಯಾಗಿ ಸುರಿದರು. ಕೂಲಿಯವರು ಹುಟ್ಟು ಹಾಕಿ ಕಲಕಿದರು. ಸ್ವಲ್ಪ ಹೊತ್ತಿಗೆ ಬಣ್ಣವೆಲ್ಲ ಹತ್ತಿಯ ಎಳೆಗಳಂತೆ ಹೆಪ್ಪುಗಟ್ಟಿ ಕೆಳಗಿಳಿಯಿತು. ಮೇಲೆ ನಿಂತ ನೀರು ನಿಜವಾಗಿಯೂ ತಿಳಿಯಾಗಿತ್ತು. ಧಣಿಗಳು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡರು.

"ಉಗ್ರಾಣಿಗಳೇ, ನೀವು ಇಷ್ಟು ದಿನ ಎಲ್ಲಿದ್ರಿ?"

"ಉಗ್ರಾಣದಲ್ಲಿ, ಧಣಿ."

ಆ ಉತ್ತರದಲ್ಲಿ ವಿನಯವನ್ನು ಕಂಡು ಎಲ್ಲರೂ ತಲೆದೂಗಿದರು.

ಕಥೆ ಅಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಆದರೆ ಧಣಿಗಳಿಗೆ ಒಂದು ಯೋಚನೆ ಹೊಳೆಯಿತು. ಸಿರಿವಂತರಿಗೆ ಯೋಚನೆ ಹೊಳೆದರೆ ಬಡವರಿಗೆ ಬಿಸಿಲು. ಶುದ್ಧವಾದ ನೀರು ಬಂದು ನಿಲ್ಲುವ ಕೊನೆಯ ತೊಟ್ಟಿ ಹೆಬ್ಬಾಗಿಲಿನ ಪಕ್ಕದಲ್ಲಿತ್ತು. ಬಂದವರೆಲ್ಲರ ಕಣ್ಣಿಗೂ ಬೀಳಲೆಂದು ಅದಕ್ಕೊಂದು ಮೀನು ಬಿಟ್ಟರು. ಕೆಂಡದ ಬಣ್ಣದ ಮೈ, ನೆತ್ತಿಯ ಮೇಲೆ ಬಿಳಿಯ ಟೋಪಿ ಇಟ್ಟಂಥ ಮಚ್ಚೆ. ಧಣಿಗಳೇ ಅದಕ್ಕೆ ಸಾಕ್ಷಿ ಎಂದು ಹೆಸರಿಟ್ಟರು.

"ಇವನು ಬದುಕಿರೋ ತನಕ ನಮ್ಮ ನೀರಿನ ಮೇಲೆ ಯಾರೂ ಬೆರಳು ತೋರಿಸೋ ಹಾಗಿಲ್ಲ. ಸತ್ತರೆ..." ಎಂದು ಉಗ್ರಾಣಿಗಳ ಕೋಟಿನ ಗುಂಡಿಯನ್ನು ಪ್ರೀತಿಯಿಂದ ಹಿಡಿದು, "ಸತ್ತರೆ ನೀವು ಮತ್ತೆ ಪೊರಕೆ ಎಣಿಸೋಕೆ ಹೋಗಿ," ಎಂದರು.

ಸಾಕ್ಷಿಯು ಆ ದಿನವೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಬಂದ ಗಿರಾಕಿಗಳಿಗೆ ಅದು ನಮಸ್ಕರಿಸುತ್ತಿದೆಯೆಂದು ಧಣಿಗಳು ವಿವರಿಸಿದರು. ಗಿರಾಕಿಗಳೂ ಕೈಮುಗಿದರು. ಅದು ಉಸಿರಿಗಾಗಿ ಬೇಡಿಕೊಳ್ಳುತ್ತಿತ್ತೆಂಬುದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಲೋಕದಲ್ಲಿ ಎಷ್ಟೋ ನಮಸ್ಕಾರಗಳ ಒಳಗುಟ್ಟು ಹೀಗೆಯೇ ಇರುವುದು.

ಮರುದಿನ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಬಂದ ಉಗ್ರಾಣಿಗಳು, ಬಿಳಿಯ ಟೋಪಿಯು ಕೆಳಗಾಗಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಸಾಕ್ಷಿಯನ್ನು ಕಂಡರು. ಅವರಿಗೆ ಮೊದಲು ಮೀನಿನ ಮೇಲೆ ಮರುಕ ಹುಟ್ಟಿತು. ಆಮೇಲೆ ತಮ್ಮ ಮೇಲೆ ಹುಟ್ಟಿತು. ಎರಡನೆಯದು ಬೇಗ ಬೆಳೆಯಿತು. ಶವವನ್ನು ಊಟದ ಡಬ್ಬಿಯಲ್ಲಿ ಮುಚ್ಚಿ, ಮೈಸರಿಯಿಲ್ಲವೆಂದು ಕಾವಲುಗಾರನಿಗೆ ಹೇಳಿ, ಬೀದಿಗಳನ್ನು ದಾಟಿ ಅಲಂಕಾರದ ಮೀನು ಮಾರುವ ಅಂಗಡಿಯೊಂದಕ್ಕೆ ಓಡಿದರು.

ಅಂಗಡಿ ನಡೆಸುತ್ತಿದ್ದಾಕೆ ಗಂಡನನ್ನು ಕಳೆದುಕೊಂಡವಳು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಮನಸ್ಸು. ಮುಂಬಾಗಿಲು ಇನ್ನೂ ತೆರೆದಿರಲಿಲ್ಲವಾಗಿ ಉಗ್ರಾಣಿಗಳು ಹಿಂಬಾಗಿಲು ತಟ್ಟಿದರು.

"ಯಾರ್ರೀ ಅದು, ಕೋಳಿ ಏಳೋಕೆ ಮುಂಚೆ?"

"ಕೆಂಪು ಮೀನು ಬೇಕಿತ್ತು ತಾಯಿ. ತಲೆ ಮೇಲೆ ಬಿಳಿ ಟೋಪಿ ಇರಬೇಕು."

"ಮದುವೆ ಗಂಡು ಹುಡುಕೋ ಹಾಗೆ ಹುಡುಕ್ತೀರಲ್ರೀ! ಇರೋದು ಒಂದೇ. ತಗೊಳ್ಳಿ."

ಆ ಒಂದೂ ಹೆಚ್ಚು ಕಾಲ ಬಾಳಲಿಲ್ಲ. ಉಗ್ರಾಣಿಗಳು ನೀರು ಇನ್ನೂ ಶುದ್ಧವಾಗಲಿಲ್ಲವೆಂದು ಬಗೆದು ಪುಡಿಯನ್ನು ಇಮ್ಮಡಿ ಮಾಡಿದರು; ಮುಂದಿನ ಸಾಕ್ಷಿ ಇನ್ನೂ ಬೇಗ ಸತ್ತಿತು. ಮತ್ತೂ ಹೆಚ್ಚು ಹಾಕಿದರು. ಮದ್ದಿನಿಂದಲೇ ರೋಗ ಬಂದಾಗ ಮದ್ದನ್ನೇ ಹೆಚ್ಚಿಸುವ ವೈದ್ಯರಂತೆ ಅವರು ಎದೆಗುಂದದೆ ನಡೆದರು. ಯಾರನ್ನಾದರೂ ಕೇಳೋಣವೆಂದರೆ, ತಲೆತಲಾಂತರದ ವಿದ್ಯೆಯುಳ್ಳವರು ಕೇಳುವುದು ಯಾರನ್ನು?

ಹೀಗಾಗಿ ಅವರಿಗೆ ಒಂದು ದಿನಚರಿಯೇ ಏರ್ಪಟ್ಟಿತು. ಸಂಜೆ ಅಂಗಡಿಗೆ ಹೊಸ ಮೀನಿನ ಪೆಟ್ಟಿಗೆಗಳು ಬರುವ ಹೊತ್ತಿಗೆ ಹೋಗಿ, ಪರದೆಯ ಹಿಂದಿನ ಬೆಂಚಿನ ಮೇಲೆ ಕುಳಿತು ಬಿಳಿಯ ಟೋಪಿಯವನನ್ನು ಆರಿಸುವುದು. ಮನೆಗೆ ಒಯ್ದರೆ ಹೆಂಡತಿ ಕೇಳಿಯಾಳೆಂದು ಅಲ್ಲಿಯೇ ಬಿಟ್ಟು, ನಸುಕಿನಲ್ಲಿ ಹಿಂಬಾಗಿಲಿನಿಂದ ಪಡೆದು, ಕೋಟಿನ ಒಳಗೆ ಅವಿತಿಟ್ಟು ಹೊರಡುವುದು. ಅಂಗಡಿಯಾಕೆ ಪರಿಚಯವಾದ ಮೇಲೆ ಒಂದು ಲೋಟ ಚಹಾ ಕೊಡುತ್ತಿದ್ದಳು.

"ಸತ್ಯ ಹೇಳಿ ಸ್ವಾಮಿ, ಮನೇಲಿ ಬೆಕ್ಕು ಸಾಕಿದೀರಾ?"

"ಛೆ ಛೆ. ನನಗೆ ಮೀನು ಅಂದ್ರೆ ಇಷ್ಟ."

"ಇಷ್ಟ ಪಡೋರ ಕೈಲಿ ಇಷ್ಟೊಂದು ಸಾಯೋದು ನಾನು ನೋಡೇ ಇಲ್ಲ," ಎಂದು ಆಕೆ ನಿಟ್ಟುಸಿರು ಬಿಟ್ಟಳು.

ಉಗ್ರಾಣಿಗಳ ಮನೆಯ ಎದುರಿಗೆ ಹೊಲಿಗೆಯ ಕೆಲಸದಾಕೆಯೊಬ್ಬಳಿದ್ದಳು. ಸೂಜಿಯ ಕಣ್ಣಿಗಿಂತ ಆಕೆಯ ಕಣ್ಣು ಸಣ್ಣದು, ಆದರೆ ಅದರೊಳಗೆ ಹೋಗುವ ದಾರ ಬಹಳ ಉದ್ದ. ಹೊಲಿದ ಬಟ್ಟೆ ಕೊಡಲು ಹೋದಾಗ ಮೀನಿನಂಗಡಿಯ ಪರದೆಯ ಕೆಳಗೆ ಉಗ್ರಾಣಿಗಳ ಚಪ್ಪಲಿಗಳನ್ನು ಕಂಡಳು. ಇನ್ನೊಂದು ದಿನ ನಸುಕಿನಲ್ಲಿ ಅವರು ಹಿಂಬಾಗಿಲಿನಿಂದ ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಅತ್ತಿತ್ತ ನೋಡುತ್ತ ಹೊರಬರುವುದನ್ನೂ ಕಂಡಳು. ಕಂಡದ್ದೆಲ್ಲವೂ ನಿಜವೇ. ಸುಳ್ಳನ್ನು ಕಟ್ಟಲು ನಿಜದಷ್ಟು ಒಳ್ಳೆಯ ಇಟ್ಟಿಗೆ ಬೇರೆಯಿಲ್ಲ.

"ಅಕ್ಕಾ, ನನಗ್ಯಾಕೆ ಊರ ಉಸಾಬರಿ," ಎಂದು ಆಕೆ ಉಗ್ರಾಣಿಗಳ ಹೆಂಡತಿಯ ಮುಂದೆ ಪ್ರಾರಂಭಿಸಿದಳು. ಹೀಗೆ ಪ್ರಾರಂಭವಾದ ಮಾತು ಉಸಾಬರಿಯಲ್ಲದೆ ಬೇರೇನೂ ಆದದ್ದು ಯಾವ ಕಾಲದಲ್ಲಿಯೂ ಇಲ್ಲ.

ಆ ಭಾನುವಾರ ಹೆಂಡತಿಯ ಅಣ್ಣ, ಆ ವಕೀಲರ ಗುಮಾಸ್ತ, ಬಂದ. ನಡುಮನೆಯ ಕುರ್ಚಿಯನ್ನು ಗೋಡೆಗೆ ತಾಗಿಸಿ ತಾನು ಕುಳಿತ. ಭಾವನಿಗೆ ಮಣೆ ತೋರಿಸಿದ. ತನ್ನ ವಕೀಲರು ನ್ಯಾಯಾಲಯದಲ್ಲಿ ಕೆಮ್ಮುವಂತೆಯೇ ಒಮ್ಮೆ ಕೆಮ್ಮಿದ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಹೊಲಿಗೆಯಾಕೆಯು ಸಾಕ್ಷಿದಾರಳಾಗಿ, ಕರೆಯದಿದ್ದರೂ, ಕಿಟಕಿಯ ಬಳಿ ಕುಳಿತಿದ್ದಳು.

"ಭಾವಾ, ನೇರವಾಗಿ ಕೇಳ್ತೀನಿ, ನೇರವಾಗಿ ಹೇಳಿ. ಸಂಜೆ ಹೊತ್ತು ಮೀನಿನಂಗಡಿ ಪರದೆ ಹಿಂದೆ ಕೂತಿರ್ತೀರೋ ಇಲ್ವೋ?"

"ಕೂತಿರ್ತೀನಿ."

"ಚಹಾ ಕುಡೀತೀರಾ?"

"ಕೊಟ್ರೆ ಕುಡೀತೀನಿ."

"ಬರ್ಕೊಳ್ಳಮ್ಮ," ಎಂದು ಗುಮಾಸ್ತ ಅಭ್ಯಾಸಬಲದಿಂದ ಹೊಲಿಗೆಯಾಕೆಗೆ ಹೇಳಿದ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. "ಬೆಳಗಿನ ಜಾವ ಹಿಂಬಾಗಿಲಿಂದ ಬರೋದು?"

"ಅದು... ಮುಂಬಾಗಿಲು ತೆಗೆದಿರಲ್ಲ."

"ಅಯ್ಯಯ್ಯೋ!" ಎಂದಳು ಹೊಲಿಗೆಯಾಕೆ.

"ಮೀನು ತರೋಕೆ ಹೋಗ್ತೀರಾ ಅನ್ನೋಣ ಅಂದ್ರೆ, ಈ ಮನೇಲಿ ಒಂದು ಮೀನಿನ ಬಾಲಾನೂ ಇಲ್ಲ. ಮತ್ತೆ ಯಾತಕ್ಕೆ ಹೋಗ್ತೀರಿ?"

ಉಗ್ರಾಣಿಗಳ ಮುಂದೆ ಈಗ ಎರಡು ದಾರಿಗಳಿದ್ದುವು. 'ಕಾರ್ಖಾನೆಯ ಮೀನು ಸಾಯುತ್ತಿದೆ, ಬದಲಿ ತರಲು ಹೋಗುತ್ತೇನೆ' ಎಂದರೆ ಆ ಕ್ಷಣವೇ ಮನೆಯಲ್ಲಿ ಬಿಡುಗಡೆ. ಆದರೆ ಈ ಗುಮಾಸ್ತನ ವಕೀಲರೇ ಧಣಿಗಳಿಗೂ ವಕೀಲರು. ಇವನ ಕಿವಿಗೆ ಬಿದ್ದ ಮಾತು ಚಹಾ ಆರುವಷ್ಟರಲ್ಲಿ ಧಣಿಗಳ ಕಿವಿಯಲ್ಲಿರುತ್ತಿತ್ತು. ಮರುದಿನವೇ ಸರ್ಕಾರದವರಿಂದ ನೀರಿನ ತನಿಖೆ ಬೇರೆ. ಬೋರ್ಡು, ಕೋಟು, ಹೆಂಡತಿ ಹೊಸಿಲ ಮೇಲೆ ಕುಳಿತ ಆ ಸಂತೋಷ, ಎಲ್ಲವೂ ಪೊರಕೆ ಹಗ್ಗಗಳ ನಡುವೆ ಹೋಗಿ ಬೀಳುತ್ತಿತ್ತು. ಅದೂ ಈ ಕುರ್ಚಿಯ ಮೇಲೆ ಕುಳಿತವನ ಮುಂದೆಯೇ.

ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ಮೆಲ್ಲಗೆ ಹೇಳಿದರು: "ಅಲ್ಲ ಅಂತ ಒಂದು ಮಾತು ಹೇಳಿಬಿಡ್ರೀ. ನಾನು ಇನ್ನೇನೂ ಕೇಳಲ್ಲ."

ಉಗ್ರಾಣಿಗಳು ಹೆಂಡತಿಯನ್ನು ನೋಡಿದರು. ಅಲ್ಲವೆಂದರೆ, ಮತ್ತೇನೆಂದು ಅಣ್ಣ ಕೇಳುವನು. ಈಗ ಅಪವಾದವನ್ನು ಹೊತ್ತರೆ ತನಿಖೆ ಮುಗಿದ ಮೇಲೆ ಇಳಿಸಬಹುದು. ಅಧಿಕಾರವನ್ನು ಇಳಿಸಿದರೆ ಮತ್ತೆ ಹೊರುವುದು ಹೇಗೆ?

"ಹೌದು," ಎಂದರು. "ಅವರು ಹೇಳೋ ಹಾಗೇನೇ."

ಪುರಾತನರು ತಾವು ಮಾಡದ ಪಾಪವನ್ನು ಒಪ್ಪಿಕೊಂಡು ಪರರ ಪ್ರಾಣ ಉಳಿಸಿದ ಕಥೆಗಳುಂಟು. ಮಾಡಲು ಎದೆಯೂ ಇರದ ಪಾಪವನ್ನು ಒಂದು ಬೋರ್ಡಿಗಾಗಿ ಒಪ್ಪಿಕೊಂಡವರು ಇವರೊಬ್ಬರೇ ಇರಬೇಕು. ಹೊಲಿಗೆಯಾಕೆ ಕೂಡ, ತನ್ನ ಮಾತು ಇಷ್ಟು ಸುಲಭವಾಗಿ ನಿಜವಾಗಿಬಿಟ್ಟದ್ದರಿಂದ ನಿರಾಶಳಾದವಳಂತೆ, "ಈ ಮುಖಕ್ಕಾ?" ಎಂದು ತನಗೆ ತಾನೇ ಕೇಳಿಕೊಂಡಳು. ಹೆಂಡತಿ ಒಳಗೆ ಹೋದರು. ಅಳುವ ಸದ್ದು ಕೇಳೀತೆಂದು ಎಲ್ಲರೂ ಕಾದರು. ಪಾತ್ರೆ ತೊಳೆಯುವ ಸದ್ದು ಕೇಳಿತು.

ಸಂಜೆಯ ವೇಳೆಗೆ ಸುದ್ದಿ ಬೀದಿಯನ್ನು ಸುತ್ತಿ ಬಂತು. ಹೆಂಗಸರು ಉಗ್ರಾಣಿಗಳನ್ನು ಕಂಡು ಬಾಗಿಲು ಹಾಕಿಕೊಂಡರು. ಗಂಡಸರು ಮಾತ್ರ ಎಂದೂ ಇಲ್ಲದ ಗೌರವದಿಂದ ದಾರಿ ಬಿಟ್ಟರು, ಕ್ಷೌರದ ಅಂಗಡಿಯವನು ಕರೆದು ಕೂರಿಸಿ, ಕಿವಿಯಲ್ಲಿ, "ಹೇಗೆ ಶುರು ಮಾಡಿದ್ರಿ ಸ್ವಾಮಿ?" ಎಂದು ಕೇಳಿದ. ಈ ಗೌರವವನ್ನು ಸವಿಯಲು ಉಗ್ರಾಣಿಗಳಿಗೆ ಬಿಡುವಿರಲಿಲ್ಲ. ಮರುದಿನದ ತನಿಖೆಗೆ ಗಟ್ಟಿಮುಟ್ಟಾದ ಸಾಕ್ಷಿಯೊಂದು ಬೇಕಾಗಿತ್ತು. ಅಂಗಡಿಗೆ ಓಡಿದರು.

ಆದರೆ ವಕೀಲರ ಗುಮಾಸ್ತ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿ, 'ನಮ್ಮ ಮನೆ ಮುರೀಬೇಡ' ಎಂದು ಗಟ್ಟಿಯಾಗಿ ಬುದ್ಧಿ ಹೇಳಿ ಬಂದಿದ್ದ. ಅಂಗಡಿಯಾಕೆ ಬಾಗಿಲಲ್ಲಿಯೇ ಮೀನು ಹಿಡಿಯುವ ಬಲೆಯನ್ನು ಹಿಡಿದು ನಿಂತಿದ್ದಳು.

"ಒಂದು ಲೋಟ ಚಹಾ ಕೊಟ್ಟಿದ್ದಕ್ಕೆ ಇದಾ ಉಪಕಾರ? ಹೌದು ಅಂದ್ರಂತೆ!"

"ಅಮ್ಮಾ, ಅದು ಹಾಗಲ್ಲ, ಒಂದೇ ಒಂದು ಬಿಳಿ ಟೋಪಿ..."

"ಇನ್ನೊಂದು ಹೆಜ್ಜೆ ಮುಂದಿಟ್ರೆ ನಿಮ್ಮ ತಲೆಗೆ ಈ ಬಲೆ ಟೋಪಿ ಹಾಕ್ತೀನಿ! ಗಂಡ ಇಲ್ಲದೋಳು ಅಂತ ಯಾರು ಏನು ಬೇಕಾದ್ರೂ ಹೇಳಬಹುದಾ? ನಾಳೆಯಿಂದ ಈ ಬೀದೀಲಿ ನಾನು ತಲೆ ಎತ್ತಿ ನಡೆಯೋದು ಹೇಗೆ, ಹೇಳಿ!"

ಉಗ್ರಾಣಿಗಳು ಬರಿಗೈಯಲ್ಲಿ ಹಿಂದಿರುಗಿದರು. ತಾವು ಹೊತ್ತ ಅಪವಾದದ ಇನ್ನೊಂದು ತುದಿಯನ್ನು ಬೇರೆ ಯಾರೋ ಹೊರಬೇಕಾಗುತ್ತದೆಂದು ಅವರು ಯೋಚಿಸಿರಲೇ ಇಲ್ಲ.

ಬೆಳಗಾಯಿತು. ತೊಟ್ಟಿಯಲ್ಲಿ ಕೊನೆಯ ಸಾಕ್ಷಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದನ್ನು ಡಬ್ಬಿಗೆ ಹಾಕೋಣವೆಂದು ಉಗ್ರಾಣಿಗಳು ಬಗ್ಗಿದ್ದಾಗ ಹಿಂದಿನಿಂದ, "ಬಿಡಿ, ಹಾಗೇ ಇರಲಿ," ಎಂಬ ದನಿ ಕೇಳಿತು. ತನಿಖೆಯ ಅಧಿಕಾರಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು. ಕನ್ನಡಕ ಹಾಕಿಕೊಂಡ, ಮುಗುಳ್ನಗೆಯನ್ನು ಮಿತವಾಗಿ ಬಳಸುವ ನಡುವಯಸ್ಸಿನ ಹೆಂಗಸು. ಜೊತೆಯಲ್ಲಿ ಧಣಿಗಳು, ಮುಖದಲ್ಲಿ ಬಣ್ಣವೆಲ್ಲ ತಳಕ್ಕಿಳಿದು.

ಅಧಿಕಾರಿ ನೀರನ್ನು ಗಾಜಿನ ನಳಿಗೆಯಲ್ಲಿ ತೆಗೆದು ಬೆಳಕಿಗೆ ಹಿಡಿದರು, ಮೂಸಿದರು, ಸಣ್ಣ ಯಂತ್ರವೊಂದನ್ನು ಅದ್ದಿ ನೋಡಿದರು.

"ಬಣ್ಣ ಚೆನ್ನಾಗೇ ಹೋಗಿದೆ. ಒಳ್ಳೆ ಉಪಾಯ. ವಿಷ ಏನೂ ಇಲ್ಲ."

"ಮತ್ತೆ ಮೀನು?" ಎಂದರು ಧಣಿಗಳು ಸಣ್ಣ ದನಿಯಲ್ಲಿ.

"ಈ ನೀರಲ್ಲಿ ಉಸಿರಿಲ್ಲ. ಬೀಜದ ಪುಡಿ ಎಷ್ಟು ಹಾಕ್ತೀರಿ?"

"ಧಾರಾಳವಾಗಿ," ಎಂದರು ಉಗ್ರಾಣಿಗಳು.

"ಅದೇ ಆಗಿರೋದು. ಬೀಜದ ಹಿಟ್ಟು, ಎಣ್ಣೆ ಎಲ್ಲ ನೀರಲ್ಲೇ ಉಳಿದು ಕೊಳೀತಾ ಇದೆ. ಕೊಳೆಯೋದು ನೀರಿನ ಉಸಿರನ್ನೆಲ್ಲ ಕುಡಿದುಬಿಡುತ್ತೆ. ಎಣ್ಣೆ ತೆಗೆದ ಪುಡೀನ ನೆನೆಸಿ, ಬಟ್ಟೇಲಿ ಸೋಸಿ, ಆ ತಿಳೀನ ಮಾತ್ರ ಅಳತೆಯಾಗಿ ಹಾಕಿ. ಕೆಳಗೆ ಕೂತ ಕೆಸರನ್ನ ಕೊಳೆಯೋಕೆ ಮುಂಚೆ ತೆಗೀರಿ. ಕೊನೆಗೆ ನೀರು ಮೆಟ್ಟಿಲ ಮೇಲಿಂದ ಧುಮುಕೋ ಹಾಗೆ ಮಾಡಿ, ಗಾಳಿ ಸೇರುತ್ತೆ. ಇಷ್ಟೇ." ಅವರು ಕನ್ನಡಕವನ್ನು ಒರೆಸಿಕೊಂಡರು. "ಈ ನೀರಲ್ಲಿ ಯಾವ ಮೀನೂ ಹೆಚ್ಚು ದಿನ ಬದುಕಿರಲ್ಲ. ಮೊದಲನೇ ಮೀನು ಸತ್ತ ದಿನಾನೇ ನಮ್ಮ ಕಚೇರಿಗೆ ಬಂದು ಕೇಳಿದ್ರೆ ಹೇಳ್ತಿದ್ವಲ್ಲ. ಎಲ್ಲ ಕಾರ್ಖಾನೆಯೋರೂ ಕೇಳ್ತಾರೆ."

"ಮೊದಲನೇದಾ? ಹಾಗಾದ್ರೆ ಎಷ್ಟು ಸತ್ತಿವೆ?" ಎಂದು ಧಣಿಗಳು ತಿರುಗಿದರು.

ಉಗ್ರಾಣಿಗಳು ಕೋಟನ್ನು ಬಿಚ್ಚಿ ಮಡಿಸಿ ಧಣಿಗಳ ಕೈಗೆ ಕೊಟ್ಟು, ಎಲ್ಲವನ್ನೂ ಹೇಳಿದರು; ರೇಡಿಯೋ, ಡಬ್ಬಿ, ಹಿಂಬಾಗಿಲು, ಭಾನುವಾರದ ನ್ಯಾಯಸ್ಥಾನ. ಧಣಿಗಳು ಕೇಳುತ್ತ ಕೇಳುತ್ತ ಮೊದಲು ಕೆಂಪಾದರು, ಆಮೇಲೆ ನಕ್ಕರು, ನಕ್ಕು ನಕ್ಕು ತೊಟ್ಟಿಯ ಕಟ್ಟೆ ಹಿಡಿದುಕೊಂಡರು. "ಅಲ್ರೀ, ಪೊರಕೆ ಎಣಿಸೋಕೆ ಹೋಗಿ ಅಂದಿದ್ದು ತಮಾಷೆಗೆ ಅಲ್ವೇ? ಹಾಕ್ಕೊಳ್ಳಿ ಕೋಟು!"

ಅಧಿಕಾರಿ ನಗಲಿಲ್ಲ. "ನೀವು ಮೊದಲು ಮನೆಗೆ ಹೋಗಿ," ಎಂದರು.

ಉಗ್ರಾಣಿಗಳು ಓಡಿದರು. ದಾರಿಯುದ್ದಕ್ಕೂ ಅವರ ಎದೆ ಹಗುರಾಗಿತ್ತು. ಹೆಂಡತಿಯೂ ಧಣಿಗಳಂತೆ ಮೊದಲು ಕೆಂಪಾಗಿ ಆಮೇಲೆ ನಗುವಳೆಂದೂ, ಅಂಗಡಿಯಾಕೆಯ ಬಳಿಗೆ ಇಬ್ಬರೂ ಹೋಗಿ ಕ್ಷಮೆ ಕೇಳಬಹುದೆಂದೂ ಎಣಿಸಿದರು. ಮನೆಯ ನಡುವೆ ಕಬ್ಬಿಣದ ಪೆಟ್ಟಿಗೆಯೊಂದು ಹಗ್ಗ ಬಿಗಿಸಿಕೊಂಡು ಕುಳಿತಿತ್ತು. ಅದರ ಪಕ್ಕದಲ್ಲಿ ಹೆಂಡತಿ, ಬಾಗಿಲಲ್ಲಿ ಅಣ್ಣ.

ನಿಂತ ನಿಲುವಿನಲ್ಲಿಯೇ ಎಲ್ಲವನ್ನೂ ಹೇಳಿ ಮುಗಿಸಿದಾಗ ಮೊದಲು ನಕ್ಕವನು ವಕೀಲರ ಗುಮಾಸ್ತ.

"ಮೀನಂತೆ! ಟೋಪಿ ಹಾಕಿದ ಮೀನಂತೆ! ಭಾವಾ, ನಮಗೂ ಟೋಪಿ ಹಾಕ್ತೀರಾ? ಇಂಥ ಕಥೇನ ನಮ್ಮ ವಕೀಲರು ಕೂಡ ಕಟ್ಟಲ್ಲ."

"ಸುಮ್ನಿರು ಅಣ್ಣ," ಎಂದರು ಹೆಂಡತಿ. "ಅವರು ಹೇಳ್ತಿರೋದು ನಿಜ."

"ನಂಬ್ತೀಯಾ?" ಎಂದು ಉಗ್ರಾಣಿಗಳು ಸಂತೋಷದಿಂದ ಕೂಗಿದರು.

"ನಂಬ್ತೀನಿ. ನಿಮ್ಮನ್ನ ನಾನು ನೋಡಿಲ್ವಾ ಇಷ್ಟು ವರ್ಷದಿಂದ? ಆದ್ರೆ ರಾತ್ರಿಯೆಲ್ಲ ಯೋಚನೆ ಮಾಡ್ತಾ ಇದ್ದೆ, ಆಕೆ ಹತ್ರ ಇರೋದು ನನ್ನ ಹತ್ರ ಏನಿಲ್ಲ ಅಂತ. ಕನ್ನಡಿ ಕೂಡ ನೋಡ್ಕೊಂಡೆ. ನನಗೂ ವಯಸ್ಸಾಯ್ತು, ಹೋಗ್ಲಿ ಅಂತ ಮನಸ್ಸಿಗೆ ಹೇಳ್ಕೊಂಡು, ಬೆಳಗಿನ ಹೊತ್ತಿಗೆ ಅರ್ಧ ಕ್ಷಮಿಸಿಯೂ ಬಿಟ್ಟಿದ್ದೆ."

"ಮತ್ತಿನ್ನೇನು? ಹೆಂಗಸೇ ಇಲ್ಲ ಅಂದಮೇಲೆ..."

"ಅದೇ ರೀ." ಆಕೆ ಪೆಟ್ಟಿಗೆಯ ಹಗ್ಗವನ್ನು ಇನ್ನೊಮ್ಮೆ ಎಳೆದು ನೋಡಿದರು. "ಅಲ್ಲ ಅಂತ ಒಂದು ಮಾತು ಹೇಳಿ ಅಂತ ಬೇಡ್ಕೊಂಡೆ. ನನ್ನ ಮುಖ ನೋಡಿ, ಬೋರ್ಡು ನೆನೆಸ್ಕೊಂಡು, ಹೌದು ಅಂದ್ರಿ. ಹೆಂಗಸಾಗಿದ್ರೆ ಇವತ್ತಲ್ಲ ನಾಳೆ ಬಿಟ್ಟು ಬರ್ತಾರೆ ಅಂತ ಕಾಯಬಹುದಿತ್ತು. ಅಧಿಕಾರ ಬಿಟ್ಟು ಮನೆಗೆ ಬಂದೋರನ್ನ ನಾನು ಕಂಡಿಲ್ಲ."

ವಕೀಲರ ಗುಮಾಸ್ತ ಬಾಯಿ ತೆರೆದ. ಇದಕ್ಕೆ ಅನ್ವಯಿಸುವ ಕಲಮು ಯಾವುದೂ ನೆನಪಿಗೆ ಬಾರದೆ ಮುಚ್ಚಿದ. ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ಹಾಸ್ಯವಿಲ್ಲದೆ, "ಬರ್ತೀವಿ ಭಾವಾ," ಎಂದ. ಹೆಂಡತಿ, ಒಲೆಯ ಮೇಲೆ ಅನ್ನವಿದೆಯೆಂದು ಹೇಳಿ, ಅಣ್ಣನ ಹಿಂದೆ ಮೆಟ್ಟಿಲಿಳಿದರು.

ಉಗ್ರಾಣಿಗಳು ಬಾಗಿಲು ಹಿಡಿದು ನಿಂತರು. ಉಗ್ರಾಣದಿಂದ ಹೊರಹೋಗುವ ಪ್ರತಿಯೊಂದು ವಸ್ತುವನ್ನೂ, ಅದು ಒಂದು ಗೇಣು ಹಗ್ಗವೇ ಆಗಲಿ, ಯಾವಾಗ ಹಿಂದಿರುಗೀತೆಂದು ಕೇಳಿ ತಿಳಿದುಕೊಂಡೇ ಕಳುಹಿಸುವುದು ಅವರ ರೂಢಿ. ಅಷ್ಟು ವರ್ಷಗಳ ಚಾಕರಿಯಲ್ಲಿ ಕೇಳದೆ ಬಿಟ್ಟದ್ದಿಲ್ಲ. ಆ ದಿನ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕೇಳುವ ಧೈರ್ಯ ಬರುವಷ್ಟರಲ್ಲಿ ಬೀದಿ ಬರಿದಾಗಿತ್ತು.